ಬೆಣ್ಣೆ ಹಚ್ಚಿದ ಕಣ್ಣು

ತಾರತಮ್ಯವನ್ನು ಹೇಳಲು ಕನ್ನಡದಲ್ಲಿ ಒಂದು ಮಾತಿದೆ: ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ. ಕಚೇರಿಯಲ್ಲಿ, ಶಾಲೆಯಲ್ಲಿ, ರಾಜಕೀಯ ಪಕ್ಷಗಳ ಒಳಜಗಳದಲ್ಲಿ ಈ ಮಾತು ದಿನಕ್ಕೊಮ್ಮೆ ಕಿವಿಗೆ ಬೀಳುತ್ತದೆ. ಆದರೆ ಅದು ಹುಟ್ಟಿದ್ದು ಮನೆಯಲ್ಲೇ ಇರಬೇಕು ಎಂದು ನನಗನ್ನಿಸುತ್ತದೆ. ಬೆಣ್ಣೆಯೂ ಸುಣ್ಣವೂ ಮನೆಯೊಳಗಿನ ಬಿಳಿ ವಸ್ತುಗಳು. ಒಂದು ಅಡುಗೆಮನೆಯ ಗಡಿಗೆಯಲ್ಲಿರುತ್ತದೆ, ಇನ್ನೊಂದು ಜಗಲಿಯ ಎಲೆಯಡಿಕೆ ತಟ್ಟೆಯಲ್ಲಿ. ದೂರದಿಂದ ನೋಡುವವರಿಗೆ ಎರಡೂ ಒಂದೇ ಥರ. ಹಚ್ಚಿಸಿಕೊಂಡ ಕಣ್ಣಿಗೆ ಮಾತ್ರ ವ್ಯತ್ಯಾಸ ಗೊತ್ತು.

ನಾನು ಬೆಣ್ಣೆಯ ಕಡೆಯವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ವಿಷಯದ ಮೇಲೆ ಬರೆಯುವವರು ಸಾಮಾನ್ಯವಾಗಿ ಸುಣ್ಣದ ಕಡೆಯವರು. ನೊಂದವರಿಗೆ ಹೇಳಲು ಕತೆಯಿರುತ್ತದೆ. ಮುದ್ದಿನಲ್ಲಿ ಬೆಳೆದವರಿಗೆ ಅಂಥ ಕತೆಯೊಂದಿದೆ ಎಂಬುದೇ ತಿಳಿದಿರುವುದಿಲ್ಲ.

ನನಗೆ ಐದು ವರ್ಷ, ಅಣ್ಣನಿಗೆ ಒಂಬತ್ತು ಇದ್ದಾಗ ನಮ್ಮ ಮನೆಯ ಟ್ರಾನ್ಸಿಸ್ಟರ್ ರೇಡಿಯೋ ಗೋಡೆಯ ಗೂಡಿನಿಂದ ಬಿದ್ದು ಒಡೆಯಿತು. ಅಪ್ಪ ಪೇಟೆಯಿಂದ ಆಸೆಪಟ್ಟು ತಂದಿದ್ದ ರೇಡಿಯೋ ಅದು. ಅಮ್ಮ ಓಡಿಬಂದಾಗ ಅಣ್ಣ ಅದರ ಚೂರುಗಳನ್ನು ಆರಿಸುತ್ತಿದ್ದ. 'ಬೇಕಂತಲೇ ಬೀಳಿಸಿದ್ದಾನೆ ನೋಡಿ' ಎಂದಳು ಅಮ್ಮ. ಏಟು ಬಿತ್ತೋ ಇಲ್ಲವೋ ನೆನಪಿಲ್ಲ. ಆ 'ಬೇಕಂತಲೇ' ಮಾತ್ರ ನೆನಪಿದೆ, ಯಾಕೆಂದರೆ ಅದು ಆ ದಿನಕ್ಕೇ ಮುಗಿಯಲಿಲ್ಲ. ಮುಂದೆ ಹಾಲು ಚೆಲ್ಲಿದರೆ, ಸೈಕಲ್ಲು ಕೆಟ್ಟರೆ, ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಅದೇ ಮಾತು. 'ದೊಡ್ಡವನ ಕೈಗೆ ಏನು ಕೊಟ್ಟರೂ ಉಳಿಯಲ್ಲ' ಎನ್ನುವುದು ನಮ್ಮ ಮನೆಯ ಗಾದೆಯಾಯಿತು. ಈಗ ಐವತ್ತು ದಾಟಿದ ಅಣ್ಣ ತಾನೇ ಆ ಗಾದೆಯನ್ನು ನಗುತ್ತಾ ಹೇಳುತ್ತಾನೆ. ಅಂಗಡಿಯಲ್ಲಿ ನಷ್ಟವಾದಾಗಲೂ ಹೇಳಿದ. ನಾವೆಲ್ಲ ನಕ್ಕೆವು.

ಈ ಮನೆಗಾದೆಯ ಭಾರ ಎಷ್ಟು ಎಂದು ನನಗೆ ತಿಳಿದದ್ದು ಒಂದು ಅಮೆರಿಕನ್ ನಾಟಕವನ್ನು ಓದುವಾಗ. ಯೂಜೀನ್ ಓನೀಲ್ ಬರೆದ 'ಲಾಂಗ್ ಡೇಸ್ ಜರ್ನಿ ಇಂಟು ನೈಟ್' ಅದರ ಹೆಸರು. ಇಂಗ್ಲಿಷ್ ಎಂ.ಎ. ಮಾಡಿದ ಅನೇಕರು ಇದನ್ನು ಪಠ್ಯವಾಗಿ ಓದಿರುತ್ತಾರೆ. ಕುಡಿತ, ಮಾರ್ಫೀನು, ದುರಂತ, ವಾಸ್ತವವಾದ ಎಂದು ಟಿಪ್ಪಣಿಯನ್ನೂ ಬರೆದಿರುತ್ತಾರೆ. ನಾನೂ ಹಾಗೇ ಓದಿದ್ದೆ. ಬಹಳ ವರ್ಷಗಳ ನಂತರ ಮತ್ತೆ ಕೈಗೆತ್ತಿಕೊಂಡಾಗ ಎರಡನೆಯ ಅಂಕದ ಒಂದು ಮಾತಿನ ಹತ್ತಿರ ನಿಂತುಬಿಟ್ಟೆ. ಅಲ್ಲಿಯೂ ಒಬ್ಬ ತಾಯಿ ತನ್ನ ಹಿರಿಯ ಮಗನ ಬಗ್ಗೆ, ಅವನು ಬೇಕಂತಲೇ ಮಾಡಿದ ಎನ್ನುತ್ತಾಳೆ.

ನಾಟಕ ನಡೆಯುವುದು 1912ರ ಆಗಸ್ಟ್ ತಿಂಗಳ ಒಂದೇ ದಿನದಲ್ಲಿ, ಬೆಳಗಿನ ತಿಂಡಿಯ ಹೊತ್ತಿನಿಂದ ನಡುರಾತ್ರಿಯವರೆಗೆ. ಸಮುದ್ರದ ಬದಿಯ ಬೇಸಿಗೆ ಮನೆಯಲ್ಲಿ ನಾಲ್ಕು ಜನ ಇದ್ದಾರೆ. ಅಪ್ಪ ಜೇಮ್ಸ್ ಟೈರೋನ್ ಹೆಸರಾಂತ ನಟ. ಒಂದೇ ಜನಪ್ರಿಯ ಪಾತ್ರವನ್ನು ವರ್ಷಗಟ್ಟಲೆ ಆಡಿ ದುಡ್ಡು ಮಾಡಿದವನು, ಆ ದುಡ್ಡಿಗಾಗಿ ತನ್ನೊಳಗಿನ ದೊಡ್ಡ ನಟನನ್ನು ಕಳೆದುಕೊಂಡವನು. ಅಮ್ಮ ಮೇರಿ ಮಾರ್ಫೀನಿಗೆ ಸಿಕ್ಕಿ, ಚಿಕಿತ್ಸೆ ಪಡೆದು ಮನೆಗೆ ಬಂದಿದ್ದಾಳೆ. ಹಿರಿಯ ಮಗ ಜೇಮಿಗೆ 33 ವರ್ಷ. ಕುಡಿತ, ಕೊಂಕುಮಾತು, ಅಪ್ಪನ ಕೃಪೆಯಿಂದ ಸಿಕ್ಕ ನಟನೆಯ ಕೆಲಸ. ಕಿರಿಯ ಎಡ್ಮಂಡನಿಗೆ 23. ಹಡಗುಗಳಲ್ಲಿ ಅಲೆದು ಬಂದವನು, ಕವಿತೆ ಬರೆಯುವವನು, ಈಗ ಬಿಡದ ಕೆಮ್ಮು. ಆ ದಿನ ಎರಡು ಸಂಗತಿಗಳು ಖಚಿತವಾಗುತ್ತವೆ: ಅಮ್ಮ ಮತ್ತೆ ಮಾರ್ಫೀನಿಗೆ ಮರಳಿದ್ದಾಳೆ, ಎಡ್ಮಂಡನಿಗೆ ಕ್ಷಯ ತಗುಲಿದೆ.

ಇವರ ನಡುವೆ ಐದನೆಯವನೊಬ್ಬನಿದ್ದಾನೆ. ಜೇಮಿ ಮತ್ತು ಎಡ್ಮಂಡನ ನಡುವೆ ಹುಟ್ಟಿ ಕೂಸಾಗಿದ್ದಾಗಲೇ ಸತ್ತುಹೋದ ಮಗು. ಗಂಡ ನಾಟಕ ಕಂಪನಿಯ ಜೊತೆ ಊರೂರು ತಿರುಗುತ್ತಿದ್ದಾಗ, ಮಕ್ಕಳನ್ನು ತನ್ನ ತಾಯಿಯ ಬಳಿ ಬಿಟ್ಟು ಮೇರಿ ಅವನನ್ನು ಸೇರಿಕೊಂಡಿದ್ದಳು. ಆಗ ಏಳು ವರ್ಷದ ಜೇಮಿಗೆ ದಡಾರ ಬಂತು. ಕೂಸಿನ ಕೋಣೆಗೆ ಹೋಗಬಾರದೆಂದು ಅವನಿಗೆ ಹೇಳಿದ್ದರು. ಅವನು ಹೋದ. ಕೂಸಿಗೆ ದಡಾರ ತಗುಲಿ ಸತ್ತುಹೋಯಿತು. ಕಾಲು ಶತಮಾನದ ನಂತರ, ಆ ಆಗಸ್ಟಿನ ಮಧ್ಯಾಹ್ನ ಮೇರಿ ಗಂಡನಿಗೆ ಹೇಳುತ್ತಾಳೆ: ಜೇಮಿಗೆ ತಮ್ಮನ ಮೇಲೆ ಹೊಟ್ಟೆಕಿಚ್ಚಿತ್ತು, ಅವನು ತಿಳಿದೇ ಆ ಕೋಣೆಗೆ ಹೋದ, ಅವನನ್ನು ತಾನು ಕ್ಷಮಿಸಲಾರೆ.

ಏಳು ವರ್ಷದ ಹುಡುಗ ಬಾಗಿಲು ತೆರೆದು ಒಳಗೆ ಹೋದ ಎಂಬುದು ಘಟನೆ. ಯಾಕೆ ಹೋದ ಎಂಬುದನ್ನು ಯಾರೂ ನೋಡಿಲ್ಲ. ಅಮ್ಮನಿಲ್ಲದ ಮನೆಯಲ್ಲಿ ಒಬ್ಬನೇ ಮಲಗಿ ಬೇಸತ್ತು ತಮ್ಮನನ್ನು ನೋಡಲು ಹೋಗಿರಬಹುದು. ತಮ್ಮನ ಮೇಲೆ ಸಿಟ್ಟಿದ್ದರೂ ಇದ್ದೀತು. ಏಳು ವರ್ಷದವನಿಗೆ ತಮ್ಮನ ಮೇಲೆ ಸಿಟ್ಟು ಬರುವುದು ಯಾವ ಮನೆಯಲ್ಲಿ ಇಲ್ಲ? ಆದರೆ ಸಾವು ಅಂದರೇನು ಎಂದು ಆ ವಯಸ್ಸಿಗೆ ಗೊತ್ತಿರುತ್ತದೆಯೇ? ಮಗುವಿನ ಮನಸ್ಸಿನ ಬಗ್ಗೆ ತಾಯಿ ಕೊಡುವ ಇಂಥ ತೀರ್ಪಿಗೆ ಮೇಲ್ಮನವಿ ಇಲ್ಲ. ಕೈ ಮಾಡಿದ ತಪ್ಪನ್ನು ಸುಳ್ಳೆಂದು ತೋರಿಸಬಹುದು. 'ನೀನು ಬೇಕಂತಲೇ ಮಾಡಿದೆ' ಎಂಬುದನ್ನು ಯಾವ ಸಾಕ್ಷಿಯಿಂದ ಅಲ್ಲಗಳೆಯುವುದು? ಹೇಳಿದವಳು ತಾಯಿ. ತನ್ನ ಮನಸ್ಸನ್ನು ತನಗಿಂತ ಚೆನ್ನಾಗಿ ಬಲ್ಲವಳು ಅವಳೇ ಎಂದು ಮಗು ನಂಬಿರುತ್ತದೆ.

ಮೇರಿ ಈ ಮಾತನ್ನು ಹೇಳುವುದು ಗಂಡನಿಗೆ, ಜೇಮಿಯ ಮುಖಕ್ಕಲ್ಲ. ಆದರೆ ಮನೆಗಳಲ್ಲಿ ಇಂಥ ಮಾತು ಗೋಡೆಯೊಳಗಿನ ತೇವದಂತೆ, ಯಾರೂ ನೀರು ಸುರಿಯದಿದ್ದರೂ ಎಲ್ಲ ಕೋಣೆಗೂ ಹಬ್ಬಿರುತ್ತದೆ.

ಇಲ್ಲಿ ನಮ್ಮ ಪ್ರಶ್ನೆಗೆ ಬರೋಣ. ಹೆತ್ತವರು ಒಂದು ಮಗುವನ್ನು ಇನ್ನೊಂದಕ್ಕಿಂತ ಹೆಚ್ಚು ಪ್ರೀತಿಸುವುದು ತಪ್ಪೇ? ಕೇಳಿದರೆ ಹೆತ್ತವರು ಯಾರೂ ಒಪ್ಪುವುದಿಲ್ಲ. ಯಾವ ಬೆರಳು ಕಚ್ಚಿದರೂ ನೋವು ಒಂದೇ ಎನ್ನುತ್ತಾರೆ. ಮಕ್ಕಳು ಮಾತ್ರ ಬೇರೆಯೇ ಲೆಕ್ಕ ಇಟ್ಟಿರುತ್ತಾರೆ. ಯಾರ ತಟ್ಟೆಗೆ ಕೆನೆ ಬಿತ್ತು, ಯಾರ ಜ್ವರಕ್ಕೆ ಅಮ್ಮ ರಾತ್ರಿಯಿಡೀ ಕೂತಳು ಎಂಬ ಲೆಕ್ಕ. ಆ ಲೆಕ್ಕದಲ್ಲಿ ಉತ್ಪ್ರೇಕ್ಷೆ ಇರಬಹುದು, ಆದರೆ ಪೂರ್ತಿ ಸುಳ್ಳಾಗಿರುವುದು ಅಪರೂಪ.

ಪ್ರೀತಿಯನ್ನು ತೂಕಮಾಡಿ ಹಂಚು ಎಂದು ಯಾರಿಗೂ ಆಜ್ಞೆ ಮಾಡಲು ಬರುವುದಿಲ್ಲ. ಒಂದು ಮಗುವಿನ ನಗು ಸತ್ತ ತಂದೆಯದರಂತೆ ಇರುತ್ತದೆ, ಇನ್ನೊಂದು ಮಗು ಹುಟ್ಟಿದ ವರ್ಷ ಮನೆಯಲ್ಲಿ ಸಾಲವಿರುತ್ತದೆ. ಮನಸ್ಸು ಒಂದು ಕಡೆ ವಾಲುತ್ತದೆ. ಅದಕ್ಕಾಗಿ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸಲಾಗದು. ಆದರೆ ಪ್ರೀತಿಯ ಜೊತೆಗೆ ಹೆತ್ತವರ ಕೈಯಲ್ಲಿ ಇನ್ನೊಂದು ಅಧಿಕಾರವಿದೆ: ಮಕ್ಕಳು ಯಾರು, ಎಂಥವರು ಎಂದು ಹೇಳುವ ಅಧಿಕಾರ. ಇವನು ಸಾಧು, ಅವನು ಕಳ್ಳ. ಇವಳು ಬುದ್ಧಿವಂತೆ, ಅವಳು ಮೊಂಡಿ. ವಾಲಿದ ಪ್ರೀತಿ ಈ ತೀರ್ಪಿನ ಪೀಠದ ಮೇಲೆ ಕೂತಾಗ ಅದು ಅನ್ಯಾಯವಾಗುತ್ತದೆ. ಪ್ರೀತಿ ಸಮನಾಗಿರಬೇಕಿಲ್ಲ. ವಿಚಾರಣೆ ಸಮನಾಗಿರಬೇಕು. ಕಡಿಮೆ ಮುದ್ದು ಸಿಕ್ಕ ಮಗು ಬೆಳೆದು ಬೇರೆಡೆ ಪ್ರೀತಿ ಹುಡುಕಿಕೊಂಡೀತು. ಕೆಟ್ಟವನೆಂದು ತೀರ್ಪಾದ ಮಗು ಎಲ್ಲಿಗೆ ಹೋದರೂ ತನ್ನ ಜೊತೆಗೇ ಹೋಗಬೇಕು.

ಈ ನಾಟಕದ ಹೆಚ್ಚುಗಾರಿಕೆ ಇರುವುದು ಬೆಣ್ಣೆಯ ಕಣ್ಣಿಗೂ ಏನಾಗುತ್ತದೆ ಎಂದು ತೋರಿಸುವುದರಲ್ಲಿ. ಎಡ್ಮಂಡ್ ಮುದ್ದಿನ ಮಗ. ಅಮ್ಮನ ಕೂಸು, ಅಪ್ಪನ ಹೆಮ್ಮೆ. ಆದರೆ ಅವನು ಹುಟ್ಟಿದ್ದೇ ಸತ್ತ ಕೂಸಿನ ಜಾಗ ತುಂಬಲು. ಅವನ ಹೆರಿಗೆಯ ನೋವಿಗೆ ಹೋಟೆಲಿನ ಅಗ್ಗದ ವೈದ್ಯನೊಬ್ಬ ಕೊಟ್ಟ ಮಾರ್ಫೀನಿನಿಂದಲೇ ಮೇರಿಯ ಚಟ ಶುರುವಾದದ್ದು. ಅವನನ್ನು ಹೆರಬಾರದಿತ್ತು ಎಂದು ಅದೇ ತಾಯಿ ಹೇಳುತ್ತಾಳೆ. ಅವಳಿಗೆ ಅವನ ಮೇಲೆ ಪ್ರಾಣ, ಅವನನ್ನು ನೋಡಿದಾಗಲೆಲ್ಲ ಅಪರಾಧದ ನೆನಪು. ಹೀಗೆ ಮುದ್ದೇ ಅವನ ಮೇಲೆ ಸಾಲದ ಪತ್ರದಂತೆ ಬಂದು ಬೀಳುತ್ತದೆ.

ಆ ಮುದ್ದು ಅವನನ್ನು ನೋಡುವುದೂ ಇಲ್ಲ. ಬೆಳಗಿನಿಂದ ಮೇರಿ ಹೇಳುತ್ತಿರುವುದು ಒಂದೇ: ಎಡ್ಮಂಡನಿಗೆ ಬೇಸಿಗೆಯ ನೆಗಡಿ, ಅಷ್ಟೇ. ಅವಳ ತಂದೆ ಕ್ಷಯದಿಂದ ಸತ್ತವನು. ಆ ಹೆಸರನ್ನು ಕೇಳಲು ಅವಳಿಗೆ ಧೈರ್ಯವಿಲ್ಲ. ಕೊನೆಯ ಅಂಕದಲ್ಲಿ, ಮಾರ್ಫೀನಿನ ಮಂಪರಿನಲ್ಲಿ ಹಳೆಯ ಮದುವೆಯ ಉಡುಪನ್ನು ಹಿಡಿದು ಬಂದ ತಾಯಿಯ ತೋಳು ಹಿಡಿದು ಎಡ್ಮಂಡ್ ತನಗೆ ಕ್ಷಯವಾಗಿದೆ ಎಂದು ಹೇಳುತ್ತಾನೆ. ಒಂದು ಕ್ಷಣ ಅವಳು ಅಲುಗುತ್ತಾಳೆ. ಮತ್ತೆ ಕಾನ್ವೆಂಟಿನ ಹುಡುಗಿಯಾಗಿದ್ದ ದಿನಗಳೊಳಕ್ಕೆ ಜಾರಿಹೋಗುತ್ತಾಳೆ. ಬೆಣ್ಣೆ ಸಿಕ್ಕವನಿಗೂ ಆ ರಾತ್ರಿ ತಾಯಿ ಸಿಗುವುದಿಲ್ಲ.

ಇನ್ನು ಆ ಮನೆಯಲ್ಲಿ ಸರಿಯಾಗಿ ನೋಡುವವನು ಯಾರು? ಸುಣ್ಣದ ಕಣ್ಣಿನವನು. ಮೇರಿ ಮತ್ತೆ ಮಾರ್ಫೀನು ಶುರುಮಾಡಿದ್ದಾಳೆ ಎಂಬ ಸಂಶಯ ಮೊದಲು ಬರುವುದು ಜೇಮಿಗೆ. ರಾತ್ರಿ ಖಾಲಿ ಕೋಣೆಯಲ್ಲಿ ಅವಳು ಓಡಾಡಿದ ಸದ್ದು ಕೇಳಿ, ಹಳೆಯ ದಿನಗಳು ನೆನಪಾಗಿ ಅವನು ಹೆದರುತ್ತಾನೆ. ಅಪ್ಪ ಅವನನ್ನು ಬೈಯುತ್ತಾನೆ. ಎಡ್ಮಂಡ್ ನಂಬುವುದಿಲ್ಲ. ಎಲ್ಲರಲ್ಲೂ ಕೆಟ್ಟದ್ದನ್ನೇ ಕಾಣುವವನು ಎಂದು ಹೆಸರಾದವನು ನಿಜ ಹೇಳಿದರೂ ಅದು ಅವನ ಕೆಟ್ಟತನಕ್ಕೆ ಇನ್ನೊಂದು ಪುರಾವೆಯಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವನ ಮಾತು ನಿಜವಾಗುತ್ತದೆ. ಆಗಲೂ ಅವನಿಗೆ ಯಾರೂ 'ನೀನು ಹೇಳಿದ್ದು ಸರಿ' ಎನ್ನುವುದಿಲ್ಲ.

ಎಡ್ಮಂಡನ ಚಿಕಿತ್ಸೆಯ ವಿಷಯದಲ್ಲಿ ಅಪ್ಪನ ಜೊತೆ ಜಗಳಕ್ಕೆ ನಿಲ್ಲುವವನೂ ಇದೇ ಜೇಮಿ. ಅಗ್ಗದ ವೈದ್ಯನಿಗೆ ತೋರಿಸಿದಿರಿ, ಈಗ ಅಗ್ಗದ ಸ್ಯಾನಟೋರಿಯಂಗೆ ಕಳಿಸಬೇಡಿ ಎನ್ನುತ್ತಾನೆ. ಅಪ್ಪನ ಜಿಪುಣತನಕ್ಕೂ ಕಾರಣವಿದೆ. ತಂದೆ ಕುಟುಂಬವನ್ನು ಬಿಟ್ಟುಹೋದ ಮೇಲೆ ಹತ್ತು ವರ್ಷದ ಹುಡುಗನಾಗಿ, ದಿನಕ್ಕೆ ಹನ್ನೆರಡು ಗಂಟೆ, ವಾರಕ್ಕೆ 50 ಸೆಂಟಿನ ಕೂಲಿಗೆ ಕಾರ್ಖಾನೆಯಲ್ಲಿ ದುಡಿದವನು ಅವನು. ಬಡತನದ ಆ ಹೆದರಿಕೆ ಅವನನ್ನು ಬಿಟ್ಟಿಲ್ಲ. ನಾಟಕ ಯಾರನ್ನೂ ಖಳನಾಗಿ ಮಾಡುವುದಿಲ್ಲ. ಪ್ರತಿಯೊಬ್ಬನ ಕ್ರೌರ್ಯದ ಹಿಂದೆ ಒಬ್ಬ ಹೆದರಿದ ಮಗು ಇದೆ. ಹಾಗೆಂದು ಕ್ರೌರ್ಯ ಕಡಿಮೆಯಾಗುವುದಿಲ್ಲ.

ನಾಲ್ಕನೆಯ ಅಂಕದಲ್ಲಿ ಜೇಮಿ ಕುಡಿದು ಬಂದು ತಮ್ಮನ ಎದುರು ಕೂರುತ್ತಾನೆ. ಅಲ್ಲಿ ಅವನು ಹೇಳುವ ಮಾತುಗಳಷ್ಟು ಕಷ್ಟದ ಮಾತನ್ನು ಅಣ್ಣ ತಮ್ಮನಿಗೆ ಹೇಳಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ನಿನ್ನನ್ನು ಕೆಡಿಸಿದ್ದು ನಾನು ಎನ್ನುತ್ತಾನೆ. ಕುಡಿತವನ್ನು ಸೊಗಸಾಗಿ ತೋರಿಸಿದೆ, ದುಡಿಯುವುದನ್ನು ಮೂರ್ಖರ ಕೆಲಸವೆಂದು ನಂಬಿಸಿದೆ. ನನ್ನ ತಪ್ಪುಗಳಿಂದ ನೀನು ಕಲಿಯಲಿ ಎಂದು ಹಾಗೆ ಮಾಡಿದೆ ಅಂತ ನನಗೇ ಹೇಳಿಕೊಂಡೆ, ಅದು ಸುಳ್ಳು. ನೀನು ಗೆದ್ದರೆ ಪಕ್ಕದಲ್ಲಿ ನಾನು ಇನ್ನೂ ಸೋತವನಾಗಿ ಕಾಣುತ್ತೇನೆಂದು ನೀನು ಸೋಲಲಿ ಎಂದು ಬಯಸಿದೆ. ನೀನು ಹುಟ್ಟಿದ್ದರಿಂದ ಅಮ್ಮ ಹಾಳಾದಳು. ತಪ್ಪು ನಿನ್ನದಲ್ಲ ಎಂದು ಗೊತ್ತು, ಆದರೂ ದ್ವೇಷ ಬರುತ್ತದೆ. ದ್ವೇಷಕ್ಕಿಂತ ಪ್ರೀತಿ ಹೆಚ್ಚಿದೆ, ಅದಕ್ಕೇ ಈ ಮಾತು ಹೇಳುತ್ತಿದ್ದೇನೆ. ನೀನು ಗುಣವಾಗಿ ಬಂದಾಗ ಕೈಕುಲುಕಲು ನಾನು ಬಾಗಿಲಲ್ಲೇ ನಿಂತಿರುತ್ತೇನೆ, ಸಮಯ ಸಿಕ್ಕಾಗ ಬೆನ್ನಿಗೆ ಇರಿಯುತ್ತೇನೆ. ನನ್ನ ಬಗ್ಗೆ ಎಚ್ಚರವಾಗಿರು.

ಏಳನೆಯ ವಯಸ್ಸಿನಲ್ಲಿ ಯಾವ ಆರೋಪ ಅವನ ಮೇಲೆ ಬಿತ್ತೋ, 33ರ ಹೊತ್ತಿಗೆ ಅದನ್ನೇ ಅವನು ನಿಧಾನವಾಗಿ ಮಾಡುತ್ತಿದ್ದಾನೆ. ತಮ್ಮನ ಕೋಣೆಗೆ ರೋಗ ಹೊತ್ತುಕೊಂಡು ಹೋಗುತ್ತಿದ್ದಾನೆ, ಈ ಸಲ ನಿಜವಾಗಿಯೂ ಬೇಕಂತಲೇ. ತಾಯಿಯ ಮಾತು ಹಿಂದಿನದರ ಬಗ್ಗೆ ನಿಜವಾಗಿತ್ತೋ ಇಲ್ಲವೋ, ಮುಂದಿನದರ ಬಗ್ಗೆ ನಿಜವಾಯಿತು. ಆದರೆ ಮೊದಲ ಸಲ ಆಗದ ಒಂದು ಕೆಲಸ ಈ ಸಲ ಆಗುತ್ತದೆ. ಬಾಗಿಲಲ್ಲಿ ನಿಂತು ಅವನೇ ತಮ್ಮನಿಗೆ, ನನ್ನನ್ನು ಒಳಗೆ ಬಿಡಬೇಡ ಎಂದು ಹೇಳುತ್ತಾನೆ. ಅವನಿಗೆ ಒದಗಿದ ಪ್ರೀತಿಯ ದಾರಿ ಇದೊಂದೇ.

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಲೇಬೇಕು. ಜೇಮಿ ಎಳೆಯ ಹುಡುಗನೇನಲ್ಲ. ಮೂವತ್ತಮೂರು ವರ್ಷದ ಗಂಡಸು ತನ್ನ ಕುಡಿತಕ್ಕೆ, ಹೊಟ್ಟೆಕಿಚ್ಚಿಗೆ ತಾಯಿಯ ಹಳೆಯ ಮಾತನ್ನು ಎಷ್ಟು ದಿನ ನೆಪವಾಗಿ ಹಿಡಿಯಬಹುದು? ನಮ್ಮ ಐತರೇಯ ಬ್ರಾಹ್ಮಣದಲ್ಲಿ ಶುನಃಶೇಪನ ಕತೆ ಬರುತ್ತದೆ. ಹಸಿವಿನಿಂದ ಕಂಗೆಟ್ಟ ಅಜೀಗರ್ತನಿಗೆ ಮೂವರು ಗಂಡುಮಕ್ಕಳು. ಯಜ್ಞಕ್ಕೆ ಒಬ್ಬ ಮಗನನ್ನು ಕೊಟ್ಟರೆ ನೂರು ಹಸು. ಹಿರಿಯನನ್ನು ಕೊಡಲಾರೆ ಎಂದ ಅಪ್ಪ. ಕಿರಿಯನನ್ನು ಕೊಡಲಾರೆ ಎಂದಳು ಅಮ್ಮ. ಉಳಿದವನು ನಡುವಿನ ಶುನಃಶೇಪ. ಅವನನ್ನು ಯೂಪಕ್ಕೆ ಕಟ್ಟಲು ಇನ್ನೂ ನೂರು, ಕಡಿಯಲು ಮತ್ತೂ ನೂರು ಹಸುಗಳಿಗೆ ಅಪ್ಪನೇ ಒಪ್ಪಿಕೊಂಡ. ದೇವತೆಗಳ ದಯದಿಂದ ಬಿಡುಗಡೆಯಾದ ಮೇಲೆ ಅಪ್ಪ ಮರಳಿ ಬಾ ಎಂದಾಗ ಶುನಃಶೇಪ ಹೋಗಲಿಲ್ಲ. ವಿಶ್ವಾಮಿತ್ರನ ಮಗನಾದ. ಜೇಮಿಗೆ ಹಾಗೆ ಎದ್ದುಹೋಗಲು ಏನು ಅಡ್ಡಿ?

ಶುನಃಶೇಪನ ಅಪ್ಪ ಎಲ್ಲರ ಕಣ್ಣೆದುರು ಕತ್ತಿ ಹಿಡಿದ. ಯಾರ ತಪ್ಪು ಎಂಬುದರಲ್ಲಿ ಸಂಶಯವಿರಲಿಲ್ಲ. ಮಗ ಕಳೆದುಕೊಂಡದ್ದು ಹೆತ್ತವರನ್ನು, ತನ್ನ ಒಳ್ಳೆಯತನವನ್ನಲ್ಲ. ಅಷ್ಟೇ ಅಲ್ಲ, ಎದ್ದುಹೋಗಲು ಇನ್ನೊಂದು ಮನೆಯ ಬಾಗಿಲು ತೆರೆದಿತ್ತು, ಅವನನ್ನು ಬೇರೆ ಕಣ್ಣಿನಿಂದ ನೋಡುವ ಒಬ್ಬ ಹಿರಿಯನಿದ್ದ. ಜೇಮಿಯ ಮೇಲೆ ಕತ್ತಿ ಎತ್ತಿದವರಿಲ್ಲ. ಅವನ ಕೈಯಲ್ಲೇ ಕತ್ತಿಯಿದೆ ಎಂದು ಹೇಳಿದರು, ಅವನು ನಂಬಿದ. ಹೊಣೆಯಿಂದ ಅವನಿಗೆ ಬಿಡುಗಡೆಯಿಲ್ಲ, ಅವನೂ ಅದನ್ನು ಬೇಡುವುದಿಲ್ಲ; ಆ ರಾತ್ರಿಯ ಮಾತುಗಳಲ್ಲಿ ಹೊಣೆಯನ್ನು ತಾನೇ ಹೊತ್ತುಕೊಳ್ಳುತ್ತಾನೆ. ಆದರೆ ಹೊಣೆ ಅವನದು ಎಂದಮಾತ್ರಕ್ಕೆ ಉಳಿದವರ ಲೆಕ್ಕ ಚುಕ್ತಾ ಆಗುವುದಿಲ್ಲ. ಇಲ್ಲಿ ನನ್ನಂಥವರ ಸರದಿ ಬರುತ್ತದೆ.

ಮುದ್ದಿನ ಮಗುವಿಗೆ ಏನಾದರೂ ಋಣವಿದೆಯೇ? ಸಿಕ್ಕ ಪ್ರೀತಿಯನ್ನು ಹಿಂದಿರುಗಿಸಲು ಬರುವುದಿಲ್ಲ. ಅಣ್ಣನ ಪಾಲಿನದನ್ನು ಅಳೆದು ಅವನಿಗೆ ಕೊಡಲೂ ಬರುವುದಿಲ್ಲ. ತನಗೆ ಗೊತ್ತಿಲ್ಲದೆ ಸಿಕ್ಕಿದ್ದಕ್ಕೆ ತಾನು ಹೊಣೆಯಲ್ಲ ಎಂದು ವಾದಿಸಬಹುದು, ಅದರಲ್ಲಿ ಹುರುಳಿದೆ. ಆದರೆ ಅವನ ಬಳಿ ಬೇರೆ ಯಾರ ಬಳಿಯೂ ಇಲ್ಲದ ಒಂದು ವಸ್ತುವಿದೆ: ಆ ಮನೆಯಲ್ಲಿ ಅವನ ಮಾತಿಗೆ ಬೆಲೆಯಿದೆ. ಸುಣ್ಣದ ಕಣ್ಣಿನವನು ಎಷ್ಟು ನಿಜ ಹೇಳಿದರೂ ಅದು ದೂರಾಗಿ ಕೇಳುತ್ತದೆ. ಅದನ್ನೇ ಬೆಣ್ಣೆಯ ಕಣ್ಣಿನವನು ಹೇಳಿದರೆ ಸಾಕ್ಷಿಯಾಗುತ್ತದೆ. ಅವನ ಋಣವಿರುವುದು ಆ ಸಾಕ್ಷಿ ಹೇಳುವುದರಲ್ಲಿ.

ಓನೀಲ್ ಮಾಡಿದ್ದು ಅದನ್ನೇ. ಈ ನಾಟಕದ ಕುಟುಂಬ ಅವನದೇ ಕುಟುಂಬ. ಅಪ್ಪ ಜೇಮ್ಸ್ ಓನೀಲ್ 'ಮಾಂಟೆ ಕ್ರಿಸ್ಟೊ' ನಾಟಕದ ನಾಯಕನಾಗಿ ಹೆಸರು ಮಾಡಿದವನು. ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ನಿನಲ್ಲಿರುವ ಅವರ ಮನೆ ಇಂದಿಗೂ ಆ ಹೆಸರಿನಲ್ಲೇ ಇದೆ. ತಾಯಿ ಮಾರ್ಫೀನಿಗೆ ಸಿಕ್ಕಿದ್ದು ನಿಜ. ಅಣ್ಣನ ಹೆಸರು ಜೇಮಿಯೇ. ನಡುವಿನ ಕೂಸು 1885ರಲ್ಲಿ ದಡಾರದಿಂದ ಸತ್ತದ್ದು ನಿಜ. 1888ರಲ್ಲಿ ಹುಟ್ಟಿದ ಯೂಜೀನನಿಗೆ ಮುಂದೆ ಕ್ಷಯವಾದದ್ದೂ ನಿಜ. ಅವನು ಎಲ್ಲವನ್ನೂ ಹೆಚ್ಚುಕಡಿಮೆ ಇದ್ದಂತೆಯೇ ಬರೆದ. ಆದರೆ ಎರಡು ಹೆಸರುಗಳನ್ನು ಅದಲುಬದಲು ಮಾಡಿದ. ನಿಜಜೀವನದಲ್ಲಿ ಸತ್ತ ಕೂಸಿನ ಹೆಸರು ಎಡ್ಮಂಡ್, ಬದುಕುಳಿದವನು ಯೂಜೀನ್. ನಾಟಕದಲ್ಲಿ ಬದುಕಿರುವವನು ಎಡ್ಮಂಡ್, ಸತ್ತ ಕೂಸು ಯೂಜೀನ್. ತನ್ನ ಹೆಸರನ್ನು ಸಮಾಧಿಗೆ ಕೊಟ್ಟು, ಸತ್ತ ಅಣ್ಣನಿಗೆ ಒಂದು ದಿನದ ಆಯುಷ್ಯ ಕೊಟ್ಟ. ತಾನು ಯಾರ ಜಾಗದಲ್ಲಿ ಕೂತಿದ್ದೇನೆಂದು ತಿಳಿದ ತಮ್ಮ ಮಾಡಬಹುದಾದ ಕೆಲಸ ಅದು.

ನಿಜದ ಜೇಮಿಯ ಕೊನೆಯ ವರ್ಷಗಳೂ ಒಂದು ಸಾಕ್ಷಿಯೇ. 1920ರಲ್ಲಿ ಅಪ್ಪ ತೀರಿಕೊಂಡ. ತಾಯಿ ಆ ಹೊತ್ತಿಗೆ ಮಾರ್ಫೀನಿನಿಂದ ಬಿಡಿಸಿಕೊಂಡು ಕೆಲವು ವರ್ಷಗಳಾಗಿದ್ದವು. ಅವಳ ಜೊತೆಗೆ ಉಳಿದ ಜೇಮಿ ಕುಡಿತ ಬಿಟ್ಟ. ಯಾರ ಬುದ್ಧಿಮಾತಿನಿಂದಲೂ ಆಗದ್ದು, ತಾಯಿ ತನ್ನೊಬ್ಬನ ಪಾಲಿಗೆ ಸಿಕ್ಕಾಗ ಆಯಿತು. 1922ರಲ್ಲಿ ಅವಳು ಸತ್ತಳು. ಅವನು ಮತ್ತೆ ಕುಡಿಯತೊಡಗಿದ, ಮರುವರ್ಷ 45ನೆಯ ವಯಸ್ಸಿನಲ್ಲಿ ತೀರಿಕೊಂಡ. ಆ ಅಣ್ಣನಿಗಾಗಿ ಓನೀಲ್ ಇನ್ನೊಂದು ನಾಟಕವನ್ನೇ ಬರೆದ: 'ಎ ಮೂನ್ ಫಾರ್ ದಿ ಮಿಸ್‌ಬಿಗಾಟನ್'.

'ಲಾಂಗ್ ಡೇಸ್ ಜರ್ನಿ'ಯನ್ನು 1941ರಲ್ಲಿ ಬರೆದು ಮುಗಿಸಿದಾಗ ಓನೀಲ್‌ಗೆ ಆಗಲೇ ನೊಬೆಲ್ ಬಂದಿತ್ತು. ತಾನು ಸತ್ತು 25 ವರ್ಷ ಕಳೆಯುವವರೆಗೆ ಇದನ್ನು ಪ್ರಕಟಿಸಬಾರದೆಂದು ಹೇಳಿ ಹಸ್ತಪ್ರತಿಯನ್ನು ಮುಚ್ಚಿಟ್ಟ. 1953ರಲ್ಲಿ ಅವನು ತೀರಿಕೊಂಡ. ಹೆಂಡತಿ ಕಾರ್ಲೋಟಾ ಅಷ್ಟು ಕಾಯಲಿಲ್ಲ. 1956ರಲ್ಲಿ ಸ್ಟಾಕ್‌ಹೋಮಿನಲ್ಲಿ ನಾಟಕ ರಂಗಕ್ಕೆ ಬಂತು, ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದ ಪ್ರಕಾಶನ ಅದನ್ನು ಅಚ್ಚುಹಾಕಿತು. ಹೆತ್ತವರನ್ನೂ ಅಣ್ಣನನ್ನೂ ಇಷ್ಟು ಕರುಣೆಯಿಂದ ನೋಡಿದ ಮನುಷ್ಯ ತಂದೆಯಾಗಿ ಹೇಗಿದ್ದ? 1943ರಲ್ಲಿ ಮಗಳು ಊನಾ ಹದಿನೆಂಟರ ಹರೆಯದಲ್ಲಿ ಚಾರ್ಲಿ ಚಾಪ್ಲಿನ್‌ನನ್ನು ಮದುವೆಯಾದಾಗ ಅವಳನ್ನು ಮಗಳೇ ಅಲ್ಲವೆಂದು ದೂರಮಾಡಿದ. ಮತ್ತೆ ಅವಳ ಮುಖ ನೋಡಲಿಲ್ಲ. ಹಿರಿಯ ಮಗ 1950ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಇನ್ನೊಬ್ಬ ಮಗ ಮಾದಕ ವಸ್ತುವಿಗೆ ಬಿದ್ದ, ಅವನ ಜೊತೆಗೂ ಸಂಬಂಧ ಉಳಿಯಲಿಲ್ಲ.

ಇದನ್ನು ಓದಿದಾಗ ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಹೆದರಿಕೆಯಾಯಿತು. ತೀರಿಹೋದವರ ಬಗ್ಗೆ ನ್ಯಾಯವಾಗಿರುವುದು ಬದುಕಿರುವವರ ಬಗ್ಗೆ ನ್ಯಾಯವಾಗಿರುವುದಕ್ಕಿಂತ ಸುಲಭ. ಕಾಗದದ ಮೇಲೆ ಸಾಕ್ಷಿ ಹೇಳುವುದು ಊಟದ ಮನೆಯಲ್ಲಿ ಹೇಳುವುದಕ್ಕಿಂತ ಸುಲಭ. ಓನೀಲ್‌ನ ಸಾಕ್ಷಿ ಹೊರಬರುವ ಹೊತ್ತಿಗೆ ಅದನ್ನು ಕೇಳಬೇಕಾಗಿದ್ದ ತಾಯಿ ಇರಲಿಲ್ಲ, ಅದರಿಂದ ಹಗುರವಾಗಬೇಕಿದ್ದ ಜೇಮಿಯೂ ಇರಲಿಲ್ಲ. ನನಗೆ ಆ ನೆಪವಿಲ್ಲ. ನಮ್ಮ ಅಮ್ಮ ಇದ್ದಾಳೆ, ಎಂಬತ್ತರ ಹತ್ತಿರ. ಅಣ್ಣ ಇದ್ದಾನೆ, ಅವಳನ್ನು ನೋಡಿಕೊಳ್ಳುತ್ತಿರುವವನೂ ಅವನೇ. ನಾನು ಹಬ್ಬಕ್ಕೆ ಬಂದು ಹೋಗುವವನು. ಬಂದಾಗ ಹಪ್ಪಳ ಕರಿದು, 'ಚಿಕ್ಕವನಿಗೆ ಇಷ್ಟ' ಎನ್ನುತ್ತಾಳೆ.

ರೇಡಿಯೋದ ವಿಷಯ ಪೂರ್ತಿ ಹೇಳಿಲ್ಲ. ಅದು ಗೂಡಿನಿಂದ ಬಿದ್ದಾಗ ಆ ಕೋಣೆಯಲ್ಲಿ ಮೊದಲು ಇದ್ದವನು ನಾನು. ಅದರ ತೊಗಲಿನ ಪಟ್ಟಿ ಗೂಡಿನಿಂದ ಕೆಳಗೆ ಇಳಿಬಿದ್ದಿತ್ತು, ಐದು ವರ್ಷದವನ ಕೈಗೆ ಎಟಕುವಷ್ಟು. ಎಳೆದದ್ದು ನಾನು. ಸದ್ದು ಕೇಳಿ ಅಣ್ಣ ಓಡಿಬಂದ, ಚೂರುಗಳನ್ನು ಆರಿಸತೊಡಗಿದ, ಅಷ್ಟರಲ್ಲಿ ಅಮ್ಮ ಬಂದಳು. ನಾನು ಬಾಗಿಲ ಹಿಂದೆ ಸುಮ್ಮನೆ ನಿಂತಿದ್ದೆ. ಐದು ವರ್ಷದವನು ಸುಮ್ಮನಿದ್ದದ್ದಕ್ಕೆ ಅವನನ್ನು ದೂರಬೇಕಿಲ್ಲ. ಏಳು ವರ್ಷದ ಜೇಮಿಗೆ ಕೊಡುವ ಮಾಫಿಯನ್ನು ಅವನಿಗೂ ಕೊಡೋಣ. ಆದರೆ ನಾನು ಹದಿನೈದರಲ್ಲೂ ಸುಮ್ಮನಿದ್ದೆ, ಮೂವತ್ತರಲ್ಲೂ ಸುಮ್ಮನಿದ್ದೆ, ಅಂಗಡಿಯ ನಷ್ಟದ ಮಾತು ಬಂದಾಗ ಎಲ್ಲರ ಜೊತೆ ನಕ್ಕೆ.

ಕಳೆದ ತಿಂಗಳು ಅಣ್ಣನಿಗೆ ಫೋನ್ ಮಾಡಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಅಂಗಡಿಯಲ್ಲಿ ಗಿರಾಕಿ ಇದ್ದಾರೇನೋ ಎಂದುಕೊಂಡೆ. ಆಮೇಲೆ ಹೇಳಿದ, 'ನಾನೇ ಬೀಳಿಸಿದ್ದು ಅಂತಲೇ ಇಷ್ಟು ದಿನ ಅಂದ್ಕೊಂಡಿದ್ದೆ ಮಾರಾಯ. ಬೀಳಿಸಿದ್ದು ಹೇಗೆ ಅಂತ ಮಾತ್ರ ನೆನಪಾಗ್ತಿರಲಿಲ್ಲ.' ಮತ್ತೆ ಸ್ವಲ್ಪ ತಡೆದು, 'ಅಮ್ಮನಿಗೆ ಹೇಳೋಕೆ ಹೋಗಬೇಡ. ಈ ವಯಸ್ಸಲ್ಲಿ ಅವಳಿಗ್ಯಾಕೆ' ಎಂದ.

ಅವನ ಮಾತು ಮೀರಬೇಕೋ ಬೇಡವೋ ಎಂದು ಯೋಚಿಸುತ್ತಲೇ ಇದ್ದೇನೆ. ಅಮ್ಮನಿಗೆ ನೋವಾಗಬಾರದು ಎನ್ನುವುದರಲ್ಲಿ ಅಣ್ಣನ ಒಳ್ಳೆಯತನವಿದೆ. ಅದೇ ಒಳ್ಳೆಯತನದ ನೆರಳಿನಲ್ಲಿ ಇನ್ನೊಮ್ಮೆ ಬಾಗಿಲ ಹಿಂದೆ ನಿಂತುಬಿಡುವುದು ನನಗೆ ಎಷ್ಟು ಅನುಕೂಲ ಎಂದೂ ಗೊತ್ತಿದೆ. ಬರುವ ದೀಪಾವಳಿಗೆ ಊರಿಗೆ ಹೋಗುತ್ತೇನೆ. ಊಟಕ್ಕೆ ಕೂತಾಗ ಅಮ್ಮ ಆ ಹಳೆಯ ಗಾದೆಯನ್ನು ಹೇಳಿಯೇ ಹೇಳುತ್ತಾಳೆ. ಆಗ ಅಣ್ಣ ನಗುವುದಕ್ಕೆ ಮೊದಲು ನಾನು ಮಾತಾಡಬೇಕು. ಅವಳು ನಂಬುತ್ತಾಳೋ ಇಲ್ಲವೋ ಗೊತ್ತಿಲ್ಲ. 'ಅಣ್ಣನ್ನ ಬಿಟ್ಟುಕೊಡಲ್ಲ ನೋಡು, ಎಂಥಾ ಒಳ್ಳೆ ಹುಡುಗ' ಎಂದು ನನಗೇ ಇನ್ನೊಂದು ಚಮಚ ತುಪ್ಪ ಬಡಿಸಿದರೂ ಬಡಿಸಿದಳೇ. ಆಗ ಇನ್ನೊಮ್ಮೆ ಹೇಳಬೇಕು.